ಉದುರಿದ ಭತ್ತದೊಳಗಿನ ಭದ್ರೆ

ಕಟಾವಾದ ಮೇಲೂ ಭತ್ತದ ಕಾಳು ಬದುಕಿರುತ್ತದೆ. ಗಾಳಿಯ ಆಮ್ಲಜನಕವನ್ನು ಒಳಗೆಳೆದುಕೊಂಡು, ತನ್ನೊಳಗಿನ ಪಿಷ್ಟವನ್ನು ನಿಧಾನವಾಗಿ ಕರಗಿಸಿ, ಇಂಗಾಲದ ಡೈಆಕ್ಸೈಡು, ನೀರು ಮತ್ತು ಶಾಖವನ್ನು ಹೊರಬಿಡುತ್ತದೆ. ಒಣಗಿದ ಕಾಳಿನಲ್ಲಿ ಈ ಉಸಿರಾಟ ಇದ್ದೂ ಇಲ್ಲದಷ್ಟು ಮಂದ. ಹಸಿ ಕಾಳಿನಲ್ಲಿ ಬಲು ಜೋರು. ಮಳೆಗಾಲದ ಬೆಳೆ ಕೈಗೆ ಬರುವ ನವೆಂಬರ್-ಡಿಸೆಂಬರಿನಲ್ಲಿ ದಾವಣಗೆರೆ ಜಿಲ್ಲೆಯ ತ್ಯಾವಣಿಗೆ ಸುತ್ತಿನ ಗದ್ದೆಗಳಿಗೆ ಕಟಾವು ಮಿಷನ್ ಇಳಿಯುತ್ತದಲ್ಲ, ಅದು ಟ್ರೇಲರಿಗೆ ಸುರಿಯುವ ಭತ್ತದಲ್ಲಿ ನೂರಕ್ಕೆ 20ರಿಂದ 24 ಭಾಗ ನೀರೇ. ಆ ಭತ್ತವನ್ನು ರಾತ್ರಿ ಗುಡ್ಡೆ ಹಾಕಿ ತಾಡಪಾಲು ಮುಚ್ಚಿಟ್ಟು, ಬೆಳಿಗ್ಗೆ ರಾಶಿಯೊಳಗೆ ಕೈ ತೂರಿಸಿ ನೋಡಿ. ಬಿಸಿ ತಾಗುತ್ತದೆ. ಅನ್ನವಾಗಬೇಕಾಗಿದ್ದ ಪಿಷ್ಟವೇ ರಾತ್ರೋರಾತ್ರಿ ಶಾಖವಾಗಿರುತ್ತದೆ. ಆ ಬಿಸಿಗೆ ಬೂಷ್ಟು ಎದ್ದು, ಬೂಷ್ಟಿನ ಉಸಿರಾಟಕ್ಕೆ ರಾಶಿ ಇನ್ನಷ್ಟು ಕಾದು, ಎರಡೇ ದಿನದಲ್ಲಿ ಕಾಳಿನ ಬಣ್ಣ ಕೆಟ್ಟು ಮುಗ್ಗಲು ವಾಸನೆ ಹಿಡಿಯುತ್ತದೆ.

ಇದನ್ನು ತಡೆಯಬೇಕಾದರೆ ತೇವಾಂಶ ಶೇ 14ಕ್ಕೆ ಇಳಿಯಬೇಕು. ಅಲ್ಲಿಗೆ ಬಂದರೆ ಕಾಳು ಕೆಲವು ತಿಂಗಳು ನಿಶ್ಚಿಂತೆಯಿಂದ ಇರುತ್ತದೆ. ಬಿತ್ತನೆಗೆ ವರ್ಷಗಟ್ಟಲೆ ಇಡುವುದಾದರೆ 12 ಅಥವಾ ಅದಕ್ಕೂ ಕೆಳಗೆ ಹೋಗಬೇಕು. ಬೀಜ ವಿಜ್ಞಾನದಲ್ಲಿ ಹ್ಯಾರಿಂಗ್ಟನ್ ಹೆಸರಿನ ಒಂದು ಅಂದಾಜು ಸೂತ್ರವಿದೆ: ತೇವಾಂಶ ಒಂದೊಂದು ಅಂಶ ಕಡಿಮೆಯಾದಂತೆ ಬೀಜದ ಆಯಸ್ಸು ಇಮ್ಮಡಿಯಾಗುತ್ತದೆ. ಕಾಳನ್ನು ಹಲ್ಲಿಗಿಟ್ಟು ಕಚ್ಚಿ, ಕಟ್ಟೆಂದರೆ ಒಣಗಿದೆ, ಮೆತ್ತಗಾದರೆ ಇನ್ನೊಂದು ಬಿಸಿಲು ಬೇಕು ಎಂದು ಹೇಳುವ ಹಿರಿಯರು ಈ ಸೂತ್ರವನ್ನು ಬಾಯಲ್ಲೇ ಇಟ್ಟುಕೊಂಡಿದ್ದರು.

ಕುಡುಗೋಲಿನಲ್ಲಿ ಕೊಯ್ದು, ಅರಿ ಒಣಗಿಸಿ, ಮೆದೆ ಒಟ್ಟಿ, ಬಿಡುವಾದಾಗ ಕಣ ಮಾಡುತ್ತಿದ್ದ ಕಾಲದಲ್ಲಿ ಹುಲ್ಲಿನ ಜೊತೆಯಲ್ಲೇ ಕಾಳೂ ನಿಧಾನವಾಗಿ ಒಣಗುತ್ತಿತ್ತು. ಈಗ ಕೂಲಿಯಾಳು ಸಿಗುವುದಿಲ್ಲ. ವಾರಗಳ ಕೆಲಸವನ್ನು ಮಿಷನ್ ಗಂಟೆಗಳಲ್ಲಿ ಮುಗಿಸುತ್ತದೆ. ಮಿಷನ್ ಬೇಡವೆಂದು ನಾನು ಹೇಳಲಾರೆ. ಬೆನ್ನು ಮುರಿಯುವ ದುಡಿಮೆಯಿಂದ ಅದು ಎಷ್ಟೋ ಹೆಂಗಸರನ್ನು ಬಿಡಿಸಿದೆ. ಆದರೆ ಒಣಗಿಸುವ ಕೆಲಸ ಮಾತ್ರ ಯಾರ ಕೈಗೂ ಸೇರದೆ ಉಳಿದುಬಿಟ್ಟಿತು. ಕಣಗಳು ಮನೆಯಾದವು, ಅಡಿಕೆ ತೋಟವಾದವು. ಹಾಗಾಗಿ ಭತ್ತ ಡಾಂಬರು ರಸ್ತೆಗೆ ಬಂತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಸುಗ್ಗಿಯಲ್ಲಿ ಓಡಾಡಿದವರೆಲ್ಲ ನೋಡಿದ ದೃಶ್ಯ ಇದು: ರಸ್ತೆಯ ಅರ್ಧ ಭತ್ತ ಅಥವಾ ಮೆಕ್ಕೆಜೋಳ, ಅಂಚಿಗೆ ಸಾಲು ಕಲ್ಲು, ಉಳಿದ ಅರ್ಧದಲ್ಲಿ ಬಸ್ಸು, ಬೈಕು. ರಾತ್ರಿ ಆ ಕಲ್ಲಿಗೆ ಎಡವಿ ಬೀಳುವ ಬೈಕಿನವರ ಪ್ರಾಣವೂ ಈ ಲೆಕ್ಕಕ್ಕೆ ಸೇರಬೇಕು.

ರಸ್ತೆಯಲ್ಲಿ ಕಾಳು ಚಕ್ರಕ್ಕೆ ಸಿಕ್ಕಿ ಚೂರಾಗುವುದು ಕಣ್ಣಿಗೆ ಕಾಣುವ ನಷ್ಟ. ಕಾಣದ್ದು ಇನ್ನೊಂದಿದೆ. ಮಧ್ಯಾಹ್ನದ ಡಾಂಬರು ಸುಡುವಷ್ಟು ಕಾದು, ಕಾಳಿನ ಮೇಲ್ಪದರ ಬೇಗ ಒಣಗುತ್ತದೆ. ನಡುಭಾಗ ಇನ್ನೂ ಹಸಿಯಾಗೇ ಇರುತ್ತದೆ. ಸಂಜೆಯ ಇಬ್ಬನಿಗೋ ಹನಿ ಮಳೆಗೋ ಆ ಒಣ ಹೊರಪದರ ಮತ್ತೆ ನೀರು ಹೀರಿ ಹಿಗ್ಗಿದಾಗ ಒಳಭಾಗ ಅದರ ಜೊತೆ ಹಿಗ್ಗಲಾರದು. ಆ ಎಳೆದಾಟಕ್ಕೆ ಅಕ್ಕಿಯ ಅಡ್ಡಕ್ಕೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಹೊಟ್ಟಿನ ಒಳಗೆ ಇರುವುದರಿಂದ ರೈತನಿಗೆ ಕಾಣಿಸುವುದಿಲ್ಲ. ಗಿರಣಿಯಲ್ಲಿ ಪಾಲಿಷ್ ಆಗುವಾಗ ಆ ಗೆರೆಯಲ್ಲೇ ಮುರಿದು ನುಚ್ಚಾಗುತ್ತದೆ. ಈ ಭಾಗದಲ್ಲಿ ಈಗ ಹೆಚ್ಚು ಬೆಳೆಯುವುದು ಸಣ್ಣ ಭತ್ತ. ಉದ್ದನೆಯ ತೆಳು ಕಾಳು ಮುರಿಯುವುದೂ ಬೇಗ. ನುಚ್ಚು ವ್ಯರ್ಥವಲ್ಲ, ನುಚ್ಚಿನುಂಡೆ, ರೊಟ್ಟಿ, ಇಡ್ಲಿಗೆ ಆಗುತ್ತದೆ, ಕೋಳಿ ದನಗಳಿಗೂ ಹೋಗುತ್ತದೆ. ಆದರೆ ರೈತನಿಗೆ ಸಿಗುವ ಬೆಲೆ ಬಿತ್ತು. ರಾಷ್ಟ್ರಮಟ್ಟದ ನಷ್ಟದ ಲೆಕ್ಕಗಳು ತೂಕ ಹಾಕುತ್ತವೆಯೇ ಹೊರತು ಮುರಿದ ಅಕ್ಕಿಯನ್ನು ಎಣಿಸುವುದಿಲ್ಲ. ನನ್ನ ಮಟ್ಟಿಗೆ ಇದು ಆ ಲೆಕ್ಕಗಳ ದೊಡ್ಡ ಕೊರತೆ.

ತೂಕದ ಲೆಕ್ಕವೇನು? ಕೊಯ್ಲಿನಿಂದ ಸಂಗ್ರಹದವರೆಗೆ ದೇಶದಲ್ಲಿ ಎಷ್ಟು ಕಳೆದುಹೋಗುತ್ತಿದೆ ಎಂಬುದರ ಬಗ್ಗೆ ಲೂಧಿಯಾನಾದ ಕೇಂದ್ರೀಯ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ಭತ್ತದಲ್ಲಿ ನಷ್ಟ ಶೇ 5.53. ನಬಾರ್ಡಿನ ಸಲಹಾ ಸಂಸ್ಥೆ 2022ರಲ್ಲಿ ಮತ್ತೆ ಅಳೆದಾಗ ಅದು ಶೇ 4.77ಕ್ಕೆ ಇಳಿದಿತ್ತು, ಮೆಕ್ಕೆಜೋಳದಲ್ಲಿ ಶೇ 3.89, ಟೊಮೆಟೊದಲ್ಲಿ ಶೇ 11.61. ಹೀಗೆ ಅಳೆದ ಎಲ್ಲ ಬೆಳೆ, ಹಾಲು, ಮೀನು, ಮಾಂಸ ಕೂಡಿಸಿದರೆ ವರ್ಷದ ನಷ್ಟದ ಬೆಲೆ ಸುಮಾರು 1.53 ಲಕ್ಷ ಕೋಟಿ ರೂಪಾಯಿ.

ಶೇ 4.77 ಕೇಳಲು ಸಣ್ಣದು. ಅದನ್ನು ತ್ಯಾವಣಿಗೆಯ ಒಂದು ಎಕರೆಗೆ ಇಳಿಸೋಣ. ಎಕರೆಗೆ 25 ಕ್ವಿಂಟಲ್ ಇಳುವರಿ ಎಂದಿಟ್ಟುಕೊಂಡರೆ ಹೋಗುವುದು 119 ಕಿಲೊ ಭತ್ತ. ಅಕ್ಕಿ ಮಾಡಿಸಿದರೆ ಸುಮಾರು 80 ಕಿಲೊ. ಪಡಿತರದಲ್ಲಿ ತಲೆಗೆ 5 ಕಿಲೊ ಲೆಕ್ಕ ಹಾಕಿದರೆ 16 ಜನರ ಒಂದು ತಿಂಗಳ ಅಕ್ಕಿ. ಇನ್ನು ನೀರು. ಒಂದು ಕಿಲೊ ಅಕ್ಕಿಯ ಹಿಂದೆ, ಜಗತ್ತಿನ ಸರಾಸರಿಯಲ್ಲಿ, ಮಳೆ ಮತ್ತು ನೀರಾವರಿ ಸೇರಿ ಸುಮಾರು 2,500 ಲೀಟರ್ ನೀರು ಖರ್ಚಾಗಿರುತ್ತದೆ. 80 ಕಿಲೊಗೆ ಎರಡು ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿಸಿದರೆ ನಲವತ್ತು ಟ್ಯಾಂಕರ್. ಇದು ಒಂದು ಎಕರೆಯ, ಒಂದು ಹಂಗಾಮಿನ ಲೆಕ್ಕ.

ಟ್ಯಾಂಕರಿನ ಮಾತು ತೆಗೆದದ್ದಕ್ಕೆ ಕಾರಣವಿದೆ. ಇದೇ ದಾವಣಗೆರೆ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಜಗಳೂರು ಇದೆ. ತ್ಯಾವಣಿಗೆಯಲ್ಲಿ ನಾಲೆ ನೀರು ಗದ್ದೆಯಲ್ಲಿ ನಿಂತಿರುವಾಗ ಜಗಳೂರಿನ ಹಳ್ಳಿಗಳಲ್ಲಿ ಬೇಸಿಗೆ ಬಂತೆಂದರೆ ಕೊಡ ಹಿಡಿದು ಟ್ಯಾಂಕರ್ ಕಾಯುವ ದಿನಗಳು. ಒಂದೇ ಜಿಲ್ಲಾಡಳಿತದ ಕೆಳಗಿನ ಈ ಎರಡು ಊರುಗಳ ನಡುವಿನ ಅಂತರವೇ ಈ ಅಧ್ಯಾಯ ಬರೆಯಲು ನನ್ನನ್ನು ಹಚ್ಚಿದ್ದು.

ತ್ಯಾವಣಿಗೆಗೆ ನೀರು ಬರುವುದು ಲಕ್ಕವಳ್ಳಿಯ ಭದ್ರಾ ಜಲಾಶಯದ ಬಲದಂಡೆ ನಾಲೆಯಿಂದ. ಜಲಾಶಯದ ಸಾಮರ್ಥ್ಯ 71.5 ಟಿಎಂಸಿ ಅಡಿ. ಅದೇ ನೀರಿಗೆ ಈಗ ಹೊಸ ಹಕ್ಕುದಾರರು ಬಂದಿದ್ದಾರೆ. ಭದ್ರಾ ಮೇಲ್ದಂಡೆ ಯೋಜನೆಯು ತುಂಗೆಯಿಂದ 17.4 ಟಿಎಂಸಿ ಅಡಿ ನೀರನ್ನು ಭದ್ರೆಗೆ ಎತ್ತಿ, ಭದ್ರೆಯಿಂದ ಒಟ್ಟು 29.9 ಟಿಎಂಸಿ ಅಡಿ ನೀರನ್ನು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ನಮ್ಮ ಜಗಳೂರಿಗೂ ಕೊಡುವ ಯೋಜನೆ. 2,25,515 ಹೆಕ್ಟೇರಿಗೆ ಹನಿ, ತುಂತುರು ನೀರಾವರಿ, 367 ಕೆರೆ ತುಂಬಿಸುವುದು ಅದರ ಗುರಿ. 2023ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಅದೇ ವರ್ಷ ಮುಂಗಾರು ಕೈಕೊಟ್ಟಿತು. ಜಲಾಶಯ ತುಂಬಲಿಲ್ಲ, ನಾಲೆಗೆ ನೀರು ಬಿಡುವ, ನಿಲ್ಲಿಸುವ ತೀರ್ಮಾನಗಳ ಮೇಲೆ ದಾವಣಗೆರೆ ಭಾಗದ ರೈತರು ಬೀದಿಗಿಳಿದರು. ನಾಲೆಯ ಕೊನೆ ಭಾಗದವರ ಸಿಟ್ಟು ಸುಳ್ಳಲ್ಲ, ಜಗಳೂರಿನವರ ಬಾಯಾರಿಕೆಯೂ ಸುಳ್ಳಲ್ಲ.

ಭದ್ರಾ ಅಚ್ಚುಕಟ್ಟಿನಲ್ಲಿ ಒಂದು ಹಂಗಾಮಿಗೆ ಒಂದು ಲಕ್ಷ ಎಕರೆ ಭತ್ತವಿದೆ ಎಂದು ಊಹಿಸಿಕೊಳ್ಳಿ. ಎಕರೆಗೆ ಎರಡು ಲಕ್ಷ ಲೀಟರ್ ಎಂದರೆ ಎರಡು ಸಾವಿರ ಕೋಟಿ ಲೀಟರ್, ಸುಮಾರು 0.7 ಟಿಎಂಸಿ ಅಡಿ. ಅಣೆಕಟ್ಟೆಯ ಮುಂದೆ ಇದು ಅಲ್ಪ. ಮನುಷ್ಯರ ಮುಂದಿಟ್ಟರೆ ಹಾಗಲ್ಲ. ಗ್ರಾಮೀಣ ಮನೆಗಳಿಗೆ ದಿನಕ್ಕೆ ತಲೆಗೆ 55 ಲೀಟರ್ ಎನ್ನುವುದು ಜಲಜೀವನ ಮಿಷನ್ನಿನ ಅಳತೆ. ಆ ಅಳತೆಯಲ್ಲಿ ಇದು ಹತ್ತು ಲಕ್ಷ ಜನರ ಇಡೀ ವರ್ಷದ ನೀರು. ನಷ್ಟವನ್ನು ಅರ್ಧ ಇಳಿಸಿದರೂ ಐದು ಲಕ್ಷ ಜನರ ನೀರು. ಜಗಳೂರು ತಾಲ್ಲೂಕಿನ ಜನಸಂಖ್ಯೆ 2011ರ ಜನಗಣತಿಯಲ್ಲಿ ಎರಡು ಲಕ್ಷವನ್ನೂ ಮುಟ್ಟಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ತ್ಯಾವಣಿಗೆಯಲ್ಲಿ ಒಂದು ಚೀಲ ಭತ್ತ ಉಳಿದ ತಕ್ಷಣ ಜಗಳೂರಿನ ನಲ್ಲಿಯಲ್ಲಿ ನೀರು ಬರುವುದಿಲ್ಲ. ಲೆಕ್ಕದಲ್ಲಿ ಮಳೆ ನೀರೂ ಇದೆ, ಅದನ್ನು ಕೊಳವೆಯಲ್ಲಿ ಕಳಿಸಲಾಗದು. ಉಳಿದ ಭತ್ತದಿಂದ ಆಗುವುದು ಇಷ್ಟು: ಅಷ್ಟೇ ಅನ್ನವನ್ನು ಸ್ವಲ್ಪ ಕಡಿಮೆ ನೆಲದಲ್ಲಿ, ಕಡಿಮೆ ನೀರಿನಲ್ಲಿ ಬೆಳೆಯಬಹುದು. ಹಾಗೆ ಬಿಡುವಾದ ನೀರನ್ನು ಎಲ್ಲಿಗೆ ಹರಿಸಬೇಕೆಂದು ಕೂತು ತೀರ್ಮಾನಿಸಬೇಕಾದವರು ನಾವು. ಆದರೆ ಬಿಡುವಾಗದ ನೀರಿನ ಬಗ್ಗೆ ತೀರ್ಮಾನವನ್ನೇ ಮಾಡಲಾಗದು, ಜಗಳ ಮಾತ್ರ ಆಡಬಹುದು. ಸುಸ್ಥಿರ ಅಭಿವೃದ್ಧಿ ಎಂಬ ಮಾತನ್ನು ದೊಡ್ಡ ಸಭೆಗಳಲ್ಲಿ ಕೇಳಿ ಕೇಳಿ ನಮಗೆ ಸಾಕಾಗಿರಬಹುದು. ಭದ್ರಾ ನಾಲೆಯ ಮೇಲೆ ಅದರ ಅರ್ಥ ಇಷ್ಟು ಸರಳವಾಗಿದೆ.

ಭತ್ತದ ವಿಷಯದಲ್ಲಿ ಗಾಳಿಯ ಲೆಕ್ಕವೂ ಇದೆ. ನೀರು ನಿಂತ ಗದ್ದೆಯ ಕೆಸರಿಗೆ ಆಮ್ಲಜನಕ ತಲುಪದು. ಅಲ್ಲಿ ಬದುಕುವ ಸೂಕ್ಷ್ಮಜೀವಿಗಳು ಕೊಳೆತ ಬೇರು, ಹುಲ್ಲನ್ನು ತಿಂದು ಮೀಥೇನ್ ಬಿಡುತ್ತವೆ. ಅದು ಭತ್ತದ ಗಿಡದ ಟೊಳ್ಳು ಕಾಂಡದ ಮೂಲಕವೇ ಮೇಲೆ ಬಂದು ಗಾಳಿ ಸೇರುತ್ತದೆ. ನೂರು ವರ್ಷದ ಅವಧಿಯಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ, ಇಪ್ಪತ್ತು ವರ್ಷದ ಲೆಕ್ಕದಲ್ಲಿ 80 ಪಟ್ಟು. ಬೆಳೆದ ಅನ್ನವನ್ನು ತಿಪ್ಪೆಗೆ ಸುರಿದು ಅದರ ಮೇಲೆ ಇನ್ನಷ್ಟು ಕಸ ಹಾಕಿದರೆ ಒಳಗೆ ಮತ್ತದೇ ಗಾಳಿಯಿಲ್ಲದ ಸ್ಥಿತಿ, ಮತ್ತದೇ ಮೀಥೇನ್. ಅಂದರೆ ಬಿಸಾಡಿದ ಅನ್ನ ಗದ್ದೆಯಲ್ಲಿ ಒಮ್ಮೆ, ತಿಪ್ಪೆಯಲ್ಲಿ ಒಮ್ಮೆ, ಹೀಗೆ ಎರಡು ಸಲ ಭೂಮಿಯನ್ನು ಕಾಯಿಸುತ್ತದೆ. ನಡುವೆ ಯೂರಿಯಾ ಇದೆ. ಅದನ್ನು ತಯಾರಿಸಲು ನೈಸರ್ಗಿಕ ಅನಿಲ ಬೇಕು. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಶೇ 8ರಿಂದ 10ರಷ್ಟು ಹೀಗೆ ಕಳೆದುಹೋದ, ಬಿಸಾಡಿದ ಆಹಾರದಿಂದಲೇ ಬರುತ್ತದೆಂಬ ಅಂದಾಜಿದೆ.

ಜಗಳೂರಿನ ಕಡೆಯ ಮಳೆಯಾಶ್ರಿತ ಹೊಲಗಳಿಗೆ ಬಂದರೆ ಬೆಳೆ ಬೇರೆ, ಕಷ್ಟ ಬೇರೆ. ಈರುಳ್ಳಿ ಅಲ್ಲಿ ಕಿತ್ತ ದಿನವೇ ಮಳೆ ಬಿದ್ದರೆ ಹೊಲದಲ್ಲೇ ಕೊಳೆಯುತ್ತದೆ. ಮಳೆಗಾಲದ ಈರುಳ್ಳಿಯ ಕುತ್ತಿಗೆ ದಪ್ಪ, ನೀರಿನಂಶ ಹೆಚ್ಚು, ಎಷ್ಟು ಹರವಿದರೂ ಬೇಸಿಗೆಯ ಗಡ್ಡೆಯಂತೆ ಬಾಳದು. ಮೆಕ್ಕೆಜೋಳದ್ದು ಇನ್ನೂ ಗಂಭೀರ. ಹಸಿ ಜೋಳವನ್ನು ರಾಶಿ ಹಾಕಿದರೆ ಅಸ್ಪರ್ಜಿಲಸ್ ಫ್ಲೇವಸ್ ಎಂಬ ಹಸಿರುಮಿಶ್ರಿತ ಹಳದಿ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ತಯಾರಿಸುತ್ತದೆ. ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಯ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆಂದ ಮೆಕ್ಕೆಜೋಳ ತಿಂದ ನೂರಕ್ಕೂ ಹೆಚ್ಚು ಮಂದಿ ಕಾಮಾಲೆಯಾಗಿ ಸತ್ತರು. ಆ ಜನರಿಗೆ ತಿನ್ನಲು ಬೇರೆ ಇರಲಿಲ್ಲ. ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ಈ ವಿಷದ ಮಿತಿ ಕಿಲೊ ಧಾನ್ಯಕ್ಕೆ 15 ಮೈಕ್ರೊಗ್ರಾಂ. ಬೂಷ್ಟು ಹಿಡಿದ ಜೋಳವನ್ನು ಕೋಳಿಗೆ, ದನಕ್ಕೆ ಹಾಕಿದರಾಯಿತು ಎನ್ನುವಂತಿಲ್ಲ. ಹಸು ತಿಂದದ್ದರ ಒಂದಂಶ ಹಾಲಿನಲ್ಲಿ ನಮಗೇ ಬರುತ್ತದೆ. ಹೀಗೆ ಕೆಟ್ಟ ಧಾನ್ಯವನ್ನು ಉಳಿಸಿಕೊಳ್ಳಲು ಯಾವ ಸುಲಭ ದಾರಿಯೂ ಇಲ್ಲ. ಕೆಡದಂತೆ ಮೊದಲೇ ಒಣಗಿಸಬೇಕು.

ಒಣಗಿದ ಧಾನ್ಯವನ್ನು ಇಡುವ ವಿದ್ಯೆಯಲ್ಲಿ ನಮ್ಮ ಬಯಲುಸೀಮೆ ಯಾರಿಗೂ ಕಡಿಮೆಯದಲ್ಲ. ಚಿತ್ರದುರ್ಗ, ಜಗಳೂರು, ಬಳ್ಳಾರಿ ಕಡೆಯ ಊರುಗಳಲ್ಲಿ ಹಗೇವು ಇರುತ್ತಿದ್ದವು. ನೀರು ನಿಲ್ಲದ ಎತ್ತರದ ಗಟ್ಟಿ ನೆಲದಲ್ಲಿ ಹಂಡೆಯಾಕಾರದ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಸುತ್ತ ಹುಲ್ಲು ಇರಿಸಿ, ಜೋಳವನ್ನೋ ರಾಗಿಯನ್ನೋ ತುಂಬಿ, ಮೇಲೆ ಮತ್ತೆ ಹುಲ್ಲು, ಅದರ ಮೇಲೆ ಚಪ್ಪಡಿ, ಚಪ್ಪಡಿಯ ಸಂದಿಗೆಲ್ಲ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ವರ್ಷಗಟ್ಟಲೆ ಧಾನ್ಯ ಹುಳ ಹಿಡಿಯದೆ ಉಳಿಯುತ್ತಿತ್ತು. ಮದ್ದಿಲ್ಲ, ಮಾತ್ರೆಯಿಲ್ಲ.

ಹೇಗೆ? ಉತ್ತರ ಈ ಅಧ್ಯಾಯದ ಮೊದಲ ಸಾಲುಗಳಲ್ಲೇ ಇದೆ: ಕಾಳು ಉಸಿರಾಡುತ್ತದೆ. ಜೊತೆಗೆ ಸೇರಿಕೊಂಡ ಹುಳವೂ ಉಸಿರಾಡುತ್ತದೆ. ಹೊರಗಿನ ಗಾಳಿ ಬಾರದ ಗುಂಡಿಯಲ್ಲಿ ಎರಡೂ ಸೇರಿ ಇದ್ದ ಆಮ್ಲಜನಕವನ್ನು ಮುಗಿಸುತ್ತವೆ. ಅದು ಶೇ 21ರಿಂದ ಶೇ 3ರ ಆಸುಪಾಸಿಗೆ ಇಳಿದಾಗ ಹುಳ ತಿನ್ನುವುದನ್ನು ನಿಲ್ಲಿಸುತ್ತದೆ, ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ, ಕೊನೆಗೆ ಸಾಯುತ್ತದೆ. ಒಣಗಿದ ಕಾಳು ಮಾತ್ರ ಅಲ್ಪ ಉಸಿರಿನಲ್ಲೇ ಕಾಲ ಹಾಕುತ್ತದೆ. ಹುಳುವಿನ ಉಸಿರೇ ಹುಳುವಿಗೆ ಮುಳುವಾಗುವಂತೆ ಮಾಡಿದ ಈ ಉಪಾಯಕ್ಕೆ ನಾನು ತಲೆಬಾಗುತ್ತೇನೆ. ಅದರ ಅಪಾಯವೂ ನಮ್ಮವರಿಗೆ ಗೊತ್ತಿತ್ತು. ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದಿಟ್ಟು ಕಾದು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಆಮೇಲೆ ಮನುಷ್ಯ. ಇಂಗಾಲದ ಡೈಆಕ್ಸೈಡು ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ಕೂತಿರುತ್ತದೆ. ಅವಸರಪಟ್ಟು ಇಳಿದವರು ಉಸಿರುಕಟ್ಟಿ ಸತ್ತಿದ್ದುಂಟು.

ನಾಲೆ ಬಂದು ನೆಲ ತೇವವಾದ ತ್ಯಾವಣಿಗೆಯಂಥ ಕಡೆ ಹಗೇವು ನಡೆಯದು, ಗುಂಡಿಯ ಗೋಡೆಯಿಂದಲೇ ನೀರು ಜಿನುಗುತ್ತದೆ. ಆದರೆ ಅದರ ತತ್ವವನ್ನು ನೆಲದಿಂದ ಮೇಲೆತ್ತಬಹುದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಲ್ಯಾರಿ ಮರ್ಡಾಕ್ ಮತ್ತವರ ಸಂಗಡಿಗರು 1980ರ ದಶಕದ ಕೊನೆಯಲ್ಲಿ ಆಫ್ರಿಕಾದ ಕ್ಯಾಮರೂನಿನ ಅಲಸಂದೆ ಬೆಳೆಗಾರರಿಗಾಗಿ ರೂಪಿಸಿದ್ದು ಇದನ್ನೇ: ಹೊರಗೊಂದು ಸಾಮಾನ್ಯ ಚೀಲ, ಒಳಗೆ ಗಾಳಿಯಾಡದ ಎರಡು ದಪ್ಪ ಪ್ಲಾಸ್ಟಿಕ್ ಪದರ, ಬಾಯಿ ಬಿಗಿಯಾಗಿ ಕಟ್ಟಿದರೆ ಮುಗಿಯಿತು. ಈಗ ಹಲವು ದೇಶಗಳಲ್ಲಿ ಲಕ್ಷಾಂತರ ರೈತರು ಬಳಸುತ್ತಾರೆ. ಮನೆಯ ತೊಗರಿ, ಹೆಸರು, ಬಿತ್ತನೆ ಕಾಳಿಗೆ ನಮ್ಮಲ್ಲೂ ಇದು ಒಗ್ಗುತ್ತದೆ. ಒಂದೇ ಷರತ್ತು, ಕಾಳು ಮೊದಲು ಒಣಗಿರಬೇಕು. ಹಸಿ ಕಾಳನ್ನು ಗಾಳಿಯಾಡದಂತೆ ಕಟ್ಟಿದರೆ ಹುಳಿತು ಹೋಗುತ್ತದೆ.

ಹೊಲದ ಮಾತಾಯಿತು, ಊಟದ ಪಂಕ್ತಿಯದ್ದೂ ಹೇಳಬೇಕು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನ ಅಂಗಡಿ, ಹೋಟೆಲು, ಮನೆಗಳಲ್ಲಿ 105 ಕೋಟಿ ಟನ್ ಆಹಾರ ಪೋಲಾಯಿತು. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದ್ದೇ. ಭಾರತದ ಮನೆಗಳಲ್ಲಿ ವರ್ಷಕ್ಕೆ ತಲೆಗೆ 55 ಕಿಲೊ. ಮದುವೆ ಊಟದ್ದು ಇನ್ನೊಂದು ಕಥೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ 2012ರಲ್ಲಿ ನಗರದ 75 ಕಲ್ಯಾಣ ಮಂಟಪಗಳನ್ನು ಸಮೀಕ್ಷೆ ಮಾಡಿ, ಬೆಂಗಳೂರಿನ ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆಯ ಊಟ ವ್ಯರ್ಥವಾಗುತ್ತಿದೆ ಎಂದು ಅಂದಾಜಿಸಿತು. ಬೇಡವೆಂದರೂ ಎಲೆಗೆ ಬೀಳುವ ಎರಡನೇ ಹೋಳಿಗೆ, ಮುಟ್ಟದೆ ಮಡಿಸುವ ಅನ್ನ ಇವತ್ತು ಚನ್ನಗಿರಿ, ಹೊನ್ನಾಳಿಯ ಸಮುದಾಯ ಭವನಗಳಲ್ಲೂ ಕಾಣಿಸುತ್ತದೆ.

ನೋವಾಗುವುದು ಏಕೆಂದರೆ ಇದೇ ಸೀಮೆಯಲ್ಲಿ ದಾಸೋಹದ ಪದ್ಧತಿ ಜೀವಂತವಾಗಿದೆ. ಮಠದಲ್ಲಿ ಉಣ್ಣಲು ಕೂತವರು ತಟ್ಟೆಯಲ್ಲಿ ಪ್ರಸಾದ ಬಿಡುವುದಿಲ್ಲ. ತಟ್ಟೆ ತೊಳೆದ ನೀರನ್ನೂ ಕುಡಿದು ಏಳುವ ಹಿರಿಯರಿದ್ದಾರೆ. ಸಾವಿರಾರು ಮಂದಿ ಉಂಡ ಪಂಕ್ತಿಯ ಹಿಂದೆ ಎಂಜಲಿನ ರಾಶಿ ಕಾಣುವುದಿಲ್ಲ. ಅಲ್ಲಿ ಬೇಕಾದಷ್ಟನ್ನೇ ಕೇಳಿ ಬಡಿಸುತ್ತಾರೆ, ಮತ್ತೆ ಬೇಕೆಂದರೆ ಮತ್ತೆ ಬರುತ್ತಾರೆ. ಅದೇ ಜನ ಅದೇ ವಾರ ಮದುವೆ ಮನೆಯಲ್ಲಿ ಅರ್ಧ ಎಲೆ ಬಿಟ್ಟು ಏಳುತ್ತಾರೆಂದರೆ ದೋಷ ಜನರ ಗುಣದಲ್ಲಿಲ್ಲ, ಬಡಿಸುವ ಕ್ರಮದಲ್ಲಿದೆ. ಕ್ರಮವನ್ನು ಬದಲಿಸುವುದು ಗುಣವನ್ನು ಬದಲಿಸುವುದಕ್ಕಿಂತ ಎಷ್ಟೋ ಸುಲಭ.

ಮನೆಯ ಉಳಿದನ್ನಕ್ಕೂ ಒಂದು ವಿಜ್ಞಾನವಿದೆ. ಅನ್ನ ಬೆಂದ ಮೇಲೂ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಸಾಯದೆ ಉಳಿದಿರಬಹುದು. ಬೆಚ್ಚಗಿನ ಅನ್ನ ಗಂಟೆಗಟ್ಟಲೆ ಹಾಗೇ ಕೂತರೆ ಅವು ಚಿಗುರಿ ವಾಂತಿ ತರಿಸುವ ವಿಷ ಮಾಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು. ಆದ್ದರಿಂದ ಉಳಿದ ಅನ್ನವನ್ನು ಬೇಗ ಹರವಿ ಆರಿಸಬೇಕು, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಫ್ರಿಜ್ ಇಲ್ಲದ ಕಾಲದಲ್ಲಿ ತಂಗಳಿಗೆ ನೀರು, ಮಜ್ಜಿಗೆ ಬೆರೆಸಿಡುತ್ತಿದ್ದುದರಲ್ಲೂ ಅರ್ಥವಿತ್ತು: ಮಜ್ಜಿಗೆಯ ಬ್ಯಾಕ್ಟೀರಿಯಾಗಳು ಹುಳಿ ಹುಟ್ಟಿಸುತ್ತವೆ, ಹುಳಿಯಲ್ಲಿ ಕೆಡಿಸುವ ಜೀವಿಗಳಿಗೆ ಬೆಳೆಯುವುದು ಕಷ್ಟ. ಬೆಳಗಿನ ಚಿತ್ರಾನ್ನ, ಬಿಸಿಲಿನ ಅನ್ನದ ಸಂಡಿಗೆ ಇದೇ ವಂಶದವು.

2015ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 12.3 ಎಂಬುದು ಈ ವಿಷಯಕ್ಕೇ ಮೀಸಲು. ಅಂಗಡಿ ಮತ್ತು ಬಳಕೆದಾರರ ಮಟ್ಟದಲ್ಲಿ ತಲಾ ಪೋಲನ್ನು 2030ರೊಳಗೆ ಅರ್ಧಕ್ಕೆ ಇಳಿಸಬೇಕೆಂದು ಅದು ಹೇಳುತ್ತದೆ. ಕೊಯ್ಲಿನ ನಂತರದ ನಷ್ಟಕ್ಕೆ ಮಾತ್ರ ‘ಕಡಿಮೆ ಮಾಡಬೇಕು’ ಎಂದಷ್ಟೇ ಬರೆದಿದೆ, ಎಷ್ಟು ಎಂದು ಅಂಕಿ ಕೊಟ್ಟಿಲ್ಲ. ಪೋಲು ಹೆಚ್ಚಾಗಿ ತಟ್ಟೆಯಲ್ಲೇ ಆಗುವ ದೇಶಗಳಿಗೆ ಇದು ಸರಿಹೊಂದಬಹುದು. ಅಂಗಳದಲ್ಲೇ ಕಾಳು ಕಳೆದುಕೊಳ್ಳುವ ನಮ್ಮಂಥ ಸೀಮೆಗೆ ಬೇಕಾಗಿರುವುದು ಆ ಬಿಟ್ಟುಹೋದ ಅಂಕಿ. ದೆಹಲಿಯಿಂದ ಬರಲೆಂದು ಕಾಯಬೇಕಾಗಿಲ್ಲ, ತ್ಯಾವಣಿಗೆಯಲ್ಲೇ ಬರೆದುಕೊಳ್ಳಬಹುದು.

ಅದಕ್ಕೆ ಬೇಕಾದ್ದು ದೊಡ್ಡ ಯಂತ್ರಗಳಲ್ಲ. ಪ್ರತಿ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ರೈತನ ಕೈಗೆ ಸಿಗುವ ಒಂದು ತೇವಾಂಶ ಮಾಪಕ. ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತಕ್ಕೆ ಶೇ 17, ಮೆಕ್ಕೆಜೋಳಕ್ಕೆ ಶೇ 14ರ ಮಿತಿಯಿದೆ. ಆ ಅಂಕಿ ಮಾರುವಾಗಷ್ಟೇ, ವ್ಯಾಪಾರಿಯ ಮಾಪಕದಲ್ಲಷ್ಟೇ ಕಾಣುವುದು ಅನ್ಯಾಯ. ಊರಿಗೊಂದು ಸಿಮೆಂಟಿನ ಒಕ್ಕಣೆ ಕಣ, ಅದರ ಮೇಲೆ ಮಳೆ ಬಂದಾಗ ಎಳೆಯಬಹುದಾದ ಹೊದಿಕೆ. ಅಲ್ಲಿ ಭತ್ತವನ್ನು ಎರಡರಿಂದ ನಾಲ್ಕು ಸೆಂಟಿಮೀಟರ್ ದಪ್ಪಕ್ಕೆ ಹರವಿ, ಅರ್ಧ ಗಂಟೆಗೊಮ್ಮೆ ಕಾಲಾಡಿಸಿ, ನಡುಮಧ್ಯಾಹ್ನದ ಉರಿಬಿಸಿಲಿನಲ್ಲಿ ಮುಚ್ಚಿದರೆ ಬಿರುಕು ಬಹಳ ಮಟ್ಟಿಗೆ ನಿಲ್ಲುತ್ತದೆ. ಆ ವಿರಾಮದಲ್ಲಿ ಕಾಳಿನ ಒಳಗಿನ ತೇವ ಹೊರಪದರಕ್ಕೆ ಬಂದು ಸಮನಾಗುತ್ತದೆ. ಭತ್ತದ ತೂಕದಲ್ಲಿ ಐದನೇ ಒಂದು ಭಾಗ ಹೊಟ್ಟೇ ಆಗಿರುವುದರಿಂದ ಅದನ್ನೇ ಉರಿಸುವ ಒಣಗಿಸುವ ಯಂತ್ರವನ್ನು ಸಂಘವೊಂದು ನಡೆಸುವುದೂ ಸಾಧ್ಯ.

ಕಟಾವಿನ ದಿನ ಮಾಡಬಹುದಾದ ಒಂದು ಅಳತೆ ಇದಕ್ಕಿಂತಲೂ ಸುಲಭ. ಮೀಟರ್ ಉದ್ದ, ಮೀಟರ್ ಅಗಲದ ಒಂದು ಚೌಕಟ್ಟನ್ನು ಬಿದಿರಿನಲ್ಲಿ ಕಟ್ಟಿ, ಮಿಷನ್ ಹೋದ ಮೇಲೆ ಗದ್ದೆಯ ನಾಲ್ಕೈದು ಕಡೆ ಎಸೆದು, ಒಳಗೆ ಬಿದ್ದ ಗಟ್ಟಿ ಕಾಳುಗಳನ್ನು ಎಣಿಸಬೇಕು. ಸಣ್ಣ ಭತ್ತದ ಸಾವಿರ ಕಾಳು ಸುಮಾರು 15 ಗ್ರಾಂ ತೂಗುತ್ತದೆ. ಹಾಗಾಗಿ ಚೌಕಟ್ಟಿಗೆ 400 ಕಾಳು ಸಿಕ್ಕಿದರೆ ಎಕರೆಗೆ 24 ಕಿಲೊ ಹೋಯಿತು, ಇಳುವರಿಯಲ್ಲಿ ಹತ್ತಿರ ಹತ್ತಿರ ಶೇ 1. ಅದಕ್ಕಿಂತ ಹೆಚ್ಚಿದ್ದರೆ ಚಾಲಕನನ್ನು ಅಲ್ಲೇ ನಿಲ್ಲಿಸಿ, ಗಾಳಿ ಬೀಸುವ ಫ್ಯಾನಿನ ವೇಗ ತಗ್ಗಿಸಲು, ಮಿಷನ್ನನ್ನು ನಿಧಾನ ಓಡಿಸಲು ಹೇಳಬಹುದು. ಎಣಿಸಲು ಹೈಸ್ಕೂಲಿನ ಮಕ್ಕಳು ಸಾಕು. ಪಕ್ಕದ ಕತ್ತಲಗೆರೆಯಲ್ಲೇ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ, ಅಳತೆ ಸರಿಯಿದೆಯೇ ಎಂದು ಕೇಳಿ ತಿಳಿಯಬಹುದು. ಮಕ್ಕಳು ಬರೆದಿಟ್ಟ ಆ ಅಂಕಿಗಳನ್ನು ಸುಗ್ಗಿ ಮುಗಿದ ಮೇಲಿನ ಗ್ರಾಮಸಭೆಯಲ್ಲಿ ಓದಲಿ, ಯಾವ ಮಿಷನ್ ಎಷ್ಟು ಉದುರಿಸಿತು, ಯಾವ ಓಣಿಯ ಭತ್ತ ಎಷ್ಟು ತೇವದಲ್ಲಿ ಚೀಲ ಸೇರಿತು ಎಂಬುದೂ ಸೇರಿ.